ಅರೀಥಾ ಫ್ರಾಂಕ್ಲಿನ್ 'ಅಮೇಜಿಂಗ್ ಗ್ರೇಸ್' (1972): ಎಲ್ಲಿಂದ ಕೇಳೋಕೆ ಶುರು ಮಾಡಲಿ?

ಮಳೆಗಾಲದ ಹುಡುಗ

ಎಲ್ಲರಿಗೂ ನಮಸ್ಕಾರ. ಅಮೆರಿಕದ ಗಾಯಕಿ ಅರೀಥಾ ಫ್ರಾಂಕ್ಲಿನ್ ಅಂದ್ರೆ ನನಗೆ ಗೊತ್ತಿರೋದು 'ರೆಸ್ಪೆಕ್ಟ್', 'ಚೈನ್ ಆಫ್ ಫೂಲ್ಸ್' ಅಷ್ಟೇ. ಆಕೆಯ ಎಲ್ಲ ಆಲ್ಬಂಗಳಲ್ಲೂ ಚರ್ಚ್ ಹಾಡುಗಳ ಈ 'ಅಮೇಜಿಂಗ್ ಗ್ರೇಸ್' ದೊಡ್ಡದು ಅಂತ ಆಫೀಸಿನಲ್ಲಿ ಒಬ್ಬರು ಹೇಳಿದರು. ಹಾಕಿಕೊಂಡು ಕೂತೆ. ಒಂದು ಹಾಡು ಏಳು ನಿಮಿಷ, ಇನ್ನೊಂದು ಹತ್ತು ದಾಟುತ್ತದೆ. ಮಧ್ಯೆ ಯಾರೋ ಕೂಗುತ್ತಾರೆ, ಯಾರೋ ಭಾಷಣ ಮಾಡುತ್ತಾರೆ. ಶೀರ್ಷಿಕೆ ಹಾಡಿನಲ್ಲಂತೂ ನನಗೆ ಗೊತ್ತಿರುವ ಆ ಧಾಟಿ ಹುಡುಕಿದರೂ ಸಿಗಲಿಲ್ಲ. ಬ್ಯಾಗ್‌ಪೈಪಿನಲ್ಲಿ ಎಷ್ಟು ಸಲೀಸಾಗಿ ಕೇಳಿಸುತ್ತಿತ್ತು, ಅಲ್ವಾ?

ನಾನು ಕ್ರೈಸ್ತನಲ್ಲ. ಸ್ನೇಹಿತರ ಮದುವೆಗೆ ಬಿಟ್ಟರೆ ಚರ್ಚಿಗೆ ಹೋದವನೂ ಅಲ್ಲ. ಇದು ನನ್ನಂಥವರಿಗೆ ದಕ್ಕುತ್ತದಾ? ದಕ್ಕುವುದಾದರೆ ಯಾವ ಹಾಡಿನಿಂದ ಶುರು ಮಾಡಲಿ?

ರೆಕಾರ್ಡ್ ಪೆಟ್ಟಿಗೆ

ದಕ್ಕುತ್ತದೆ. ಆದರೆ ಶೀರ್ಷಿಕೆ ಹಾಡಿನಿಂದ ಶುರು ಮಾಡಬೇಡಿ, ಅದು ಕೊನೆಗಿರಲಿ. ಮೊದಲು 'ಮೇರಿ, ಡೋಂಟ್ ಯೂ ವೀಪ್' ಹಾಕಿ.

ಇದು ಸ್ಟುಡಿಯೋ ರೆಕಾರ್ಡಿಂಗ್ ಅಲ್ಲ ಅನ್ನೋದು ತಲೆಯಲ್ಲಿರಲಿ. 1972ರ ಜನವರಿ 13 ಮತ್ತು 14, ಗುರುವಾರ ಮತ್ತು ಶುಕ್ರವಾರ ರಾತ್ರಿ, ಲಾಸ್ ಏಂಜಲೀಸಿನ ನ್ಯೂ ಟೆಂಪಲ್ ಮಿಷನರಿ ಬ್ಯಾಪ್ಟಿಸ್ಟ್ ಚರ್ಚಿನಲ್ಲಿ ಜನರ ಮುಂದೆ ಹಾಡಿದ್ದು. ಆ ಕಟ್ಟಡ ಮೊದಲು ಸಿನಿಮಾ ಥಿಯೇಟರ್ ಆಗಿತ್ತು. ಆಗ ಅರೀಥಾಗೆ 29 ವರ್ಷ. ಪಿಯಾನೋ ಮುಂದೆ ರೆವರೆಂಡ್ ಜೇಮ್ಸ್ ಕ್ಲೀವ್‌ಲ್ಯಾಂಡ್, ಹಿಂದೆ ಅವರ ಸದರ್ನ್ ಕ್ಯಾಲಿಫೋರ್ನಿಯಾ ಕಮ್ಯೂನಿಟಿ ಕ್ವಾಯರ್, ಅಂದ್ರೆ ಗುಂಪಾಗಿ ಹಾಡುವ ತಂಡ. ಕ್ವಾಯರ್ ನಡೆಸಿದವರು ಅಲೆಕ್ಸಾಂಡರ್ ಹ್ಯಾಮಿಲ್ಟನ್. ಗಿಟಾರ್ ಕಾರ್ನೆಲ್ ಡುಪ್ರೀ, ಬೇಸ್ ಚಕ್ ರೇನಿ, ಡ್ರಮ್ಸ್ ಬರ್ನಾರ್ಡ್ ಪರ್ಡಿ. ಈ ಮೂವರು ಚರ್ಚಿನವರಲ್ಲ. ಆಕೆಯ ಸೋಲ್ (ಚರ್ಚ್ ಹಾಡಿನ ಶೈಲಿಯ ಲೌಕಿಕ ಹಾಡು) ರೆಕಾರ್ಡುಗಳಿಗೆ ನುಡಿಸುತ್ತಿದ್ದವರು. ಅಟ್ಲಾಂಟಿಕ್ ರೆಕಾರ್ಡ್ ಕಂಪನಿಯ ಜೆರ್ರಿ ವೆಕ್ಸ್ಲರ್‌ಗೆ ತಮ್ಮ ಹುಡುಗರೇ ನುಡಿಸಬೇಕು ಅಂತ ಹಟ ಇತ್ತು.

ಈಗ 'ಮೇರಿ' ಹಾಡಿಗೆ ಬನ್ನಿ. ಪಲ್ಲವಿ ಗುಲಾಮಗಿರಿಯ ಕಾಲದ್ದು: ಈಜಿಪ್ಟಿನ ರಾಜ ಫರೋಹನ ಸೇನೆ ಮುಳುಗಿತು, ಮೇರಿ, ಅಳಬೇಡ. ಕ್ವಾಯರ್ ಇದನ್ನು ತಣ್ಣಗೆ, ಜಾಸ್ತಿ ಏರಿಳಿತ ಇಲ್ಲದೆ ಹಾಡುತ್ತಾ ಹೋಗುತ್ತದೆ. ಅದರ ಮೇಲೆ ಅರೀಥಾ ಬೈಬಲ್ಲಿನ ಲಾಜರನ ಕಥೆ ಹೇಳಲು ಶುರು ಮಾಡುತ್ತಾರೆ. ತಮ್ಮ ಲಾಜರ ಸತ್ತಿದ್ದಾನೆ, ಯೇಸು ತಡವಾಗಿ ಬಂದಿದ್ದಾನೆ, ನೀನು ಇಲ್ಲಿದ್ದಿದ್ದರೆ ಅವನು ಸಾಯುತ್ತಿರಲಿಲ್ಲ ಅಂತ ಅಕ್ಕ ಕೇಳುತ್ತಿದ್ದಾಳೆ. ಆಮೇಲೆ ಸತ್ತವನನ್ನು ಎಬ್ಬಿಸಲು ಯೇಸು ಲಾಜರನನ್ನು ಹೆಸರು ಹಿಡಿದು ಕರೆಯುತ್ತಾನೆ. ಮೂರು ಸಲ. ಮೊದಲನೇ ಕರೆ ಮೃದು. ಎರಡನೆಯದು ಇನ್ನೊಂದು ಥರ. ಮೂರನೆಯದರಲ್ಲಿ ಚರ್ಚೇ ಎದ್ದು ನಿಲ್ಲುತ್ತದೆ. ಹಾಡು ಎಲ್ಲಿ ನಿಂತಿತು, ಪ್ರಸಂಗ (ಪಾದ್ರಿಯ ಉಪದೇಶ) ಎಲ್ಲಿ ಶುರುವಾಯಿತು ಅಂತ ಹೇಳಲು ಬರುವುದಿಲ್ಲ. ನೀವು ಬರೆದ 'ಯಾರೋ ಕೂಗುತ್ತಾರೆ' ಅನ್ನೋದು ಇಲ್ಲಿ ಗದ್ದಲ ಅಲ್ಲ. ಅವರು ಸುಮ್ನೆ ಕೂತಿದ್ದರೆ ಮೂರನೇ ಕರೆ ಅಷ್ಟು ಎತ್ತರಕ್ಕೆ ಹೋಗುತ್ತಲೇ ಇರಲಿಲ್ಲ.

ಇನ್ನೊಂದು ಮಾತು. ಈ ಕಥೆಯನ್ನು ಹಾಡಿಗೆ ಸೇರಿಸಿದ್ದು ಅರೀಥಾ ಅಲ್ಲ. 1950ರ ದಶಕದಲ್ಲಿ ಕ್ಯಾರವಾನ್ಸ್ ಅನ್ನೋ ಗಾಸ್ಪೆಲ್ (ಕರಿಯರ ಚರ್ಚಿನ ಭಕ್ತಿಗೀತೆ) ತಂಡದ ಐನೆಜ್ ಆಂಡ್ರ್ಯೂಸ್ ಇದೇ ರೀತಿ ಹಾಡಿ ಹೆಸರು ಮಾಡಿದ್ದರು. ಕ್ಲೀವ್‌ಲ್ಯಾಂಡ್ ಕೂಡ ಆ ತಂಡದ ಜತೆ ಇದ್ದವರು. ಅಂದ್ರೆ ಅಲ್ಲಿ ಕೂತಿದ್ದ ಬಹಳ ಜನಕ್ಕೆ ಮೂರು ಕರೆ ಬರುತ್ತದೆ ಅಂತ ಮೊದಲೇ ಗೊತ್ತು. ಗೊತ್ತಿದ್ದೂ ಎದ್ದರು.

ತಾಳ ತಪ್ಪಿದವ

ಎಲ್ಲರೂ ಹೊಗಳೋ ಮೊದಲು ನಂದೊಂದು ತಕರಾರು ಇರಲಿ. ನಾಲ್ಕು ಸಾಲಿನ ಹಾಡನ್ನು ಹತ್ತೂಮುಕ್ಕಾಲು ನಿಮಿಷ ಎಳೆಯೋದು ಯಾಕೆ ಸ್ವಾಮಿ? ಒಂದು ಪದದ ಮೇಲೆ ಇಪ್ಪತ್ತು ಸ್ವರ ಹಾಕುತ್ತಾರೆ. ಇಂದಿನ ರಿಯಾಲಿಟಿ ಶೋ ಗಾಯಕಿಯರು ಮಾಡುವ ಕಸರತ್ತಿಗೆಲ್ಲ ಮೂಲ ಇದೇ ಅಂತ ನನಗೆ ಅನುಮಾನ.

ಶ್ರುತಿ ಪೆಟ್ಟಿಗೆ

ಮೂಲ ಇದೇ ಇರಬಹುದು ಗುರು, ಆದರೆ ನಕಲು ಮಾಡಿದವರ ಪಾಪ ಆಕೆಯ ತಲೆಗೆ ಯಾಕೆ?

ನಾನು ಕರ್ನಾಟಕ ಸಂಗೀತ ಕಲಿಯುತ್ತಿರುವವಳು. ಮೂಲ ಧಾಟಿಯ ಐದು ಸ್ವರಗಳು ನಮ್ಮ ಮೋಹನದ ಸ್ವರಗಳೇ. ಸ ರಿ ಗ ಪ ದ, ಅಷ್ಟೇ. ಹಾಗಾಗಿ ನಮ್ಮ ಕಿವಿಗೆ ತಕ್ಷಣ ಹತ್ತಿರ ಅನಿಸುತ್ತದೆ. ಅರೀಥಾ ಒಂದೊಂದು ಸಾಲನ್ನೂ ಆಲಾಪನೆ ಮಾಡಿದ ಹಾಗೆ ಬಿಡಿಸುತ್ತಾರೆ.

ರೆಕಾರ್ಡ್ ಪೆಟ್ಟಿಗೆ

ಐದು ಸ್ವರ ಅದೇ, ಒಪ್ಪಿದೆ. ಆದರೆ ಅಲ್ಲಿಗೇ ನಿಲ್ಲಿಸೋಣ ಮೇಡಂ. ಚೆನ್ನಾಗಿರೋದು ಏನೇ ಕೇಳಿದರೂ ಅದಕ್ಕೊಂದು ರಾಗದ ಚೀಟಿ ಅಂಟಿಸುವುದು ನಮ್ಮವರ ಹಳೇ ಚಾಳಿ. ಅರೀಥಾ ಆ 'ಗ'ವನ್ನು, ಅಂದ್ರೆ ಗಾಂಧಾರವನ್ನು, ನೆಟ್ಟಗೆ ಹಾಡುವುದೇ ಇಲ್ಲ. ಕೆಳಗಿನಿಂದ ಜಗ್ಗಿ ಬಗ್ಗಿಸುತ್ತಾರೆ, ಬ್ಲೂಸ್‌ನವರು (ಕರಿಯರ ದುಃಖದ ಹಾಡು ಹಾಡುವವರು) ಮಾಡುವ ಹಾಗೆ. ನಿಮ್ಮ ಗುರುಗಳು ಕೇಳಿದರೆ ಅಪಸ್ವರ ಅಂದಾರು.

ಆ ಎಳೆತದ ಬೇರು ಬೇರೆ ಕಡೆ ಇದೆ. ಕರಿಯರ ಬ್ಯಾಪ್ಟಿಸ್ಟ್ ಚರ್ಚುಗಳಲ್ಲಿ ಒಂದು ಹಳೇ ಪದ್ಧತಿ ಇತ್ತು. ಹಾಡಿನ ಪುಸ್ತಕ ಎಲ್ಲರ ಕೈಯಲ್ಲೂ ಇರುತ್ತಿರಲಿಲ್ಲ, ಬಹಳ ಜನಕ್ಕೆ ಓದಲೂ ಬರುತ್ತಿರಲಿಲ್ಲ. ಹಿರಿಯರೊಬ್ಬರು ಒಂದು ಸಾಲನ್ನು ಬೇಗ ಬೇಗ ಹೇಳಿಕೊಡುವುದು, ಸಭೆ ಅದನ್ನು ತುಂಬಾ ನಿಧಾನವಾಗಿ, ಒಬ್ಬೊಬ್ಬರು ಒಂದೊಂದು ಥರ ತಿರುವು ಹಾಕಿ ಹಾಡುವುದು. ಐಸಾಕ್ ವಾಟ್ಸ್ ಬರೆದ ಇಂಗ್ಲಿಷ್ ಹಾಡುಗಳನ್ನು ಹೆಚ್ಚಾಗಿ ಹೀಗೆ ಹಾಡುತ್ತಿದ್ದರಿಂದ ಆ ಶೈಲಿಗೆ 'ಡಾಕ್ಟರ್ ವಾಟ್ಸ್' ಅಂತಲೇ ಹೆಸರು ಬಿತ್ತು. ಅರೀಥಾ 'ಅಮೇಜಿಂಗ್ ಗ್ರೇಸ್' ಹಾಡಿರುವುದು ಆ ಜಾಡಿನಲ್ಲಿ. ತಾಳ ಹೆಚ್ಚುಕಡಿಮೆ ಇಲ್ಲ. ಸಾಲು ಯಾವಾಗ ಮುಗಿಯಬೇಕು ಅನ್ನೋದು ಉಸಿರಿಗೆ ಬಿಟ್ಟದ್ದು. ಅದಕ್ಕೇ ನಮ್ಮ ಮಳೆಗಾಲದವರಿಗೆ ಧಾಟಿ ಸಿಗಲಿಲ್ಲ.

ತಾಳ ತಪ್ಪಿದವ

ಅಂದ್ರೆ ನನ್ನ ಹೆಸರಿನವನಿಗೇ ಮಾಡಿಸಿದ ಹಾಡು ಅನ್ನಿ.

ಬಲ್ಮಠದ ಆಲ್ಟೊ

ಈ ಚರ್ಚೆ ನೋಡಿ ಬರೆಯದೆ ಇರಲಾಗಲಿಲ್ಲ. ನಾನು ಮಂಗಳೂರಿನ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯವಳು, ಚಿಕ್ಕಂದಿನಿಂದ ಕ್ವಾಯರಿನಲ್ಲಿ ಇದ್ದವಳು. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್‌ನವರು 1834ರಲ್ಲಿ ಮಂಗಳೂರಿಗೆ ಬಂದರು. ಅವರ ಜತೆ ಜರ್ಮನ್ ಧಾಟಿಗಳೂ ಬಂದವು. ಅವಕ್ಕೆ ಕನ್ನಡ ಮಾತು ಹೊಂದಿಸಿದ ಹಾಡುಗಳನ್ನು ನಾವು ಇವತ್ತೂ ಭಾನುವಾರ ಆರಾಧನೆಯಲ್ಲಿ ಹಾಡುತ್ತೇವೆ. ತುಳುವಿನಲ್ಲೂ ಇವೆ. 'ವಾಟ್ ಎ ಫ್ರೆಂಡ್ ವಿ ಹ್ಯಾವ್ ಇನ್ ಜೀಸಸ್' ನಮಗೆ ಬಾಯಿಪಾಠ.

ನಮ್ಮಲ್ಲಿ ಹಾಡುವ ರೀತಿಯೇ ಬೇರೆ. ಸೊಪ್ರಾನೊ, ಆಲ್ಟೊ, ಟೆನರ್, ಬೇಸ್. ನಾಲ್ಕು ಸ್ವರಭಾಗ ಪುಸ್ತಕದಲ್ಲಿ ಹೇಗಿದೆಯೋ ಹಾಗೇ. ನನ್ನ ಸಾಲಿನಲ್ಲಿ ನಾನು ಒಂದು ಸ್ವರ ಹೆಚ್ಚಿಗೆ ಹಾಕಿದರೆ ಪಕ್ಕದವರು ತಿರುಗಿ ನೋಡುತ್ತಾರೆ. ಕ್ವಾಯರ್ ಮಾಸ್ಟರ್ ಅಂತೂ ಪ್ರಾಕ್ಟೀಸ್ ನಿಲ್ಲಿಸಿಯೇ ಬಿಡುತ್ತಿದ್ದರು. ಈ ಆಲ್ಬಂನಲ್ಲಿ ಅರೀಥಾ ಹಾಡಿರುವ 'ವಾಟ್ ಎ ಫ್ರೆಂಡ್' ಮೊದಲ ಸಲ ಕೇಳಿದಾಗ ನನಗೆ ಸಿಟ್ಟೇ ಬಂತು. ನಮ್ಮದು ನಿಧಾನದ ಹಾಡು, ಅದರಲ್ಲಿ ಸಮಾಧಾನ ಇದೆ. ಇವರು ಅದನ್ನು ಚಪ್ಪಾಳೆ ಹಾಕಿ ಕುಣಿಯುವ ಹಾಗೆ ಮಾಡಿದ್ದಾರೆ.

ನನ್ನ ಪ್ರಶ್ನೆ ಏನೆಂದರೆ, ಇದು ಆರಾಧನೆಯಾ, ಕಾರ್ಯಕ್ರಮವಾ? ಕ್ಯಾಮೆರಾ ಇತ್ತು, ಲೈಟು ಇತ್ತು, ರೆಕಾರ್ಡ್ ಕಂಪನಿ ಇತ್ತು. ಎರಡನೇ ರಾತ್ರಿ ರೋಲಿಂಗ್ ಸ್ಟೋನ್ಸ್ ರಾಕ್ ತಂಡದ ಮಿಕ್ ಜಾಗರ್ ಬಂದು ಹಿಂದೆ ನಿಂತಿದ್ದರಂತೆ. ಆರಾಧನೆ ನೋಡಲು ಬರುವವರಾ ಅವರು?

ರೆಕಾರ್ಡ್ ಪೆಟ್ಟಿಗೆ

ಒಳ್ಳೆಯ ಪ್ರಶ್ನೆ ಅಕ್ಕ. ಜಾಗರ್ ಬಂದಿದ್ದು ನಿಜ, ಜತೆಗೆ ಅದೇ ತಂಡದ ಚಾರ್ಲಿ ವಾಟ್ಸ್ ಕೂಡ. ಆಗ ಅವರು ಲಾಸ್ ಏಂಜಲೀಸಿನಲ್ಲೇ ತಮ್ಮ ಆಲ್ಬಂ ಮುಗಿಸುತ್ತಿದ್ದರು. ಆದರೆ ಮುಂದಿನ ಸಾಲಿನಲ್ಲಿ ಇದ್ದದ್ದು ಯಾರು ನೋಡಿ: ಅರೀಥಾಳ ತಂದೆ ಸಿ.ಎಲ್. ಫ್ರಾಂಕ್ಲಿನ್, ಅವರ ಪಕ್ಕ ಗಾಸ್ಪೆಲ್ ಗಾಯಕಿ ಕ್ಲಾರಾ ವಾರ್ಡ್. ಆಲ್ಬಂನಲ್ಲಿರುವ 'ಹೌ ಐ ಗಾಟ್ ಓವರ್' ಬರೆದವರೇ ಈ ಕ್ಲಾರಾ ವಾರ್ಡ್. ಬಾಲ್ಯದಲ್ಲಿ ಅರೀಥಾ ಯಾರ ಹಾಗೆ ಹಾಡಬೇಕು ಅಂತ ಕನಸು ಕಂಡಿದ್ದರೋ ಅವರು ಎದುರಿಗೇ ಕೂತಿದ್ದಾರೆ. ಜಾಗರ್ ಬಂದರೆಷ್ಟು ಬಿಟ್ಟರೆಷ್ಟು!

ಕ್ಲೀವ್‌ಲ್ಯಾಂಡ್ ಶುರುವಿನಲ್ಲೇ ಜನಕ್ಕೆ ನೆನಪಿಸುತ್ತಾರೆ: ಇದು ಚರ್ಚು, ನಾವು ಬಂದಿರುವುದು ಆರಾಧನೆಗೆ. ಹಾಗೆ ನೆನಪಿಸಬೇಕಾಗಿ ಬಂತು ಅನ್ನುವುದರಲ್ಲೇ ನಿಮ್ಮ ಅನುಮಾನಕ್ಕೂ ಜಾಗ ಇದೆ ಅನ್ನಿ. ನನ್ನ ಮಟ್ಟಿಗೆ ಅದು ಎರಡೂ ಹೌದು. ಕಂಪನಿ ವ್ಯಾಪಾರಕ್ಕೇ ಮಾಡಿದ್ದು. 1972ರ ಜೂನ್‌ನಲ್ಲಿ ಎರಡು ಎಲ್‌ಪಿಗಳ ಸೆಟ್ ಆಗಿ ಬಂತು, ಅಮೆರಿಕದಲ್ಲೇ 20 ಲಕ್ಷಕ್ಕೂ ಹೆಚ್ಚು ಹೋಯಿತು, ಗ್ರ್ಯಾಮಿಯೂ ಬಂತು. ಆದರೆ ಆ ಹಾಲ್‌ನಲ್ಲಿದ್ದ ಕ್ವಾಯರಿನವರು ಅಳುವುದನ್ನು ಯಾವ ಕಂಪನಿಯೂ ಹೇಳಿ ಮಾಡಿಸಿದ್ದಲ್ಲ. ಶೀರ್ಷಿಕೆ ಹಾಡಿನ ಮಧ್ಯೆ ಕ್ಲೀವ್‌ಲ್ಯಾಂಡ್ ಪಿಯಾನೋ ಬಿಟ್ಟು ಹೋಗಿ ಕೂತು, ಮುಖ ಮುಚ್ಚಿಕೊಂಡು ಅತ್ತುಬಿಡುತ್ತಾರೆ. ಆ ಎರಡು ರಾತ್ರಿ ಚಿತ್ರೀಕರಿಸಿದ ಸಿನಿಮಾದಲ್ಲಿ ಕಾಣುತ್ತದೆ.

ಡೆಟ್ರಾಯ್ಟ್ ಗೌಡ

ನಾನಿರೋದು ಇಲ್ಲಿ ಮಿಷಿಗನ್‌ನಲ್ಲಿ. ಮಂಡ್ಯ ಕಡೆಯವನು. ಅರೀಥಾ ಬೆಳೆದ ನ್ಯೂ ಬೆಥೆಲ್ ಬ್ಯಾಪ್ಟಿಸ್ಟ್ ಚರ್ಚು ಲಿನ್‌ವುಡ್ ರಸ್ತೆಯಲ್ಲಿದೆ. ಆ ಭಾಗಕ್ಕೆ ಈಗ ಅವರಪ್ಪ ಸಿ.ಎಲ್. ಫ್ರಾಂಕ್ಲಿನ್ ಹೆಸರೇ ಇಟ್ಟಿದ್ದಾರೆ. ತಮಾಷೆ ಏನಪ್ಪಾ ಅಂದ್ರೆ ಈ ಕಟ್ಟಡವೂ ಮೊದಲು ಟಾಕೀಸು! ಆದರೆ ಹುಡುಗಿ ಅರೀಥಾ ಹಾಡಿದ್ದು ಇಲ್ಲಲ್ಲ, ಹೇಸ್ಟಿಂಗ್ಸ್ ಬೀದಿಯಲ್ಲಿದ್ದ ಹಳೇ ನ್ಯೂ ಬೆಥೆಲ್‌ನಲ್ಲಿ. ಹೇಸ್ಟಿಂಗ್ಸ್ ಅಂದ್ರೆ ಕರಿಯರ ಅಂಗಡಿ, ಕ್ಲಬ್ಬು, ಚರ್ಚು ಎಲ್ಲ ಒತ್ತೊತ್ತಾಗಿದ್ದ ಬೀದಿ. ಹೈವೇ ಮಾಡೋಕೆ ಅಂತ ಅದನ್ನು ಒಡೆದು ಹಾಕಿದರು. ಈಗ ಅಲ್ಲಿ ನೋಡೋಕೆ ಕಾರು ಬಿಟ್ಟರೆ ಏನೂ ಇಲ್ಲ.

ಸಿ.ಎಲ್. ಸಾಮಾನ್ಯದ ಪಾದ್ರಿ ಅಲ್ಲ. ಅವರ ಪ್ರಸಂಗಗಳೇ ಎಲ್‌ಪಿಯಾಗಿ ಮಾರಾಟ ಆಗ್ತಿದ್ದವು. ಹೇಸ್ಟಿಂಗ್ಸ್ ಬೀದಿಯಲ್ಲಿ ರೆಕಾರ್ಡ್ ಅಂಗಡಿ ಇಟ್ಟಿದ್ದ ಜೋ ವಾನ್ ಬ್ಯಾಟಲ್ ಅವನ್ನು ರೆಕಾರ್ಡ್ ಮಾಡುತ್ತಿದ್ದ. ಪ್ರಸಂಗ ಮಾತಾಗಿ ಶುರುವಾಗಿ ಕೊನೆಗೆ ಹಾಡಾಗಿ ಹೋಗುತ್ತೆ. 'ಮೇರಿ' ಹಾಡಿನಲ್ಲಿ ಅರೀಥಾ ಕಥೆ ಹೇಳೋ ವರಸೆ ನೋಡಿ, ಅಪ್ಪನದ್ದೇ. ಜೇಮ್ಸ್ ಕ್ಲೀವ್‌ಲ್ಯಾಂಡ್ ಕೂಡ ಹಿಂದೆ ಇದೇ ನ್ಯೂ ಬೆಥೆಲ್‌ನಲ್ಲಿ ಸಂಗೀತ ನೋಡಿಕೊಳ್ತಿದ್ದವರು, ಹುಡುಗಿಗೆ ಪಿಯಾನೋ ಹೇಳಿಕೊಟ್ಟವರು. ಲಾಸ್ ಏಂಜಲೀಸಿನಲ್ಲಿ ನಡೆದಿದ್ದರೂ ಅದು ಡೆಟ್ರಾಯ್ಟ್ ಮನೆಯವರ ಹಾಡೇ.

ಮಳೆಗಾಲದ ಹುಡುಗ

ಎಲ್ಲರಿಗೂ ಥ್ಯಾಂಕ್ಸ್. 'ಮೇರಿ' ಕೇಳಿದೆ. ಹೆಡ್‌ಫೋನ್ ಹಾಕಿಕೊಂಡು, ಲೈಟ್ ಆರಿಸಿ. ಕಥೆ ಗೊತ್ತಾದ ಮೇಲೆ ಬೇರೆಯೇ ಕೇಳಿಸಿತು. ಮೂರನೇ ಕರೆಗೆ ಮೈ ಜುಂ ಅಂತು.

ಒಂದು ಅರ್ಥ ಆಗಲಿಲ್ಲ. ಎಲ್ಲ ಕಡೆ ಇದನ್ನು 'ಚರ್ಚಿಗೆ ವಾಪಸ್ ಬಂದ ಆಲ್ಬಂ' ಅಂತ ಬರೆದಿದ್ದಾರೆ. ಸೋಲ್ ಹಾಡಿದ್ದಕ್ಕೆ ಪ್ರಾಯಶ್ಚಿತ್ತ ಅನ್ನೋ ಹಾಗೆ. ನಿಜಾನಾ?

ರೆಕಾರ್ಡ್ ಪೆಟ್ಟಿಗೆ

ಇದೊಂದು ಮಾತಿಗೆ ನನಗೆ ಉರಿ ಹತ್ತುತ್ತದೆ.

ಎರಡನೇ ರಾತ್ರಿ ಸಿ.ಎಲ್. ಎದ್ದು ನಿಂತು ಇದಕ್ಕೇ ಉತ್ತರ ಕೊಡುತ್ತಾರೆ. ಡ್ರೈಕ್ಲೀನಿಂಗ್ ಅಂಗಡಿಗೆ ಹೋದಾಗ ಅಲ್ಲಿದ್ದ ಹೆಂಗಸೊಬ್ಬರು, ನಿಮ್ಮ ಮಗಳು ಚರ್ಚಿಗೆ ವಾಪಸ್ ಬಂದರೆ ನನಗೆ ಖುಷಿ ಅನ್ನೋ ಧಾಟಿಯಲ್ಲಿ ಮಾತಾಡಿದರಂತೆ. ಅವಳು ಚರ್ಚು ಬಿಟ್ಟು ಹೋಗಿದ್ದೇ ಇಲ್ಲ ಅನ್ನೋದು ಅಪ್ಪನ ಉತ್ತರ. ಸಭೆಯೆಲ್ಲ ಹೋ ಅನ್ನುತ್ತದೆ. ಆಲ್ಬಂನಲ್ಲೇ ಇದೆ, ಕೇಳಿ.

ಅಪ್ಪ ಮಗಳ ಪರ ಮಾತಾಡದೆ ಇನ್ನೇನು ಅನ್ನಬಹುದು. ಹಾಗಾದರೆ ಹಾಡನ್ನೇ ಸಾಕ್ಷಿಗೆ ಕರೆಯೋಣ. 'ಪ್ರೆಶಸ್ ಲಾರ್ಡ್' ತಗೊಳ್ಳಿ. ಬರೆದವರು ತಾಮಸ್ ಡಾರ್ಸಿ. ಮೊದಲು 'ಜಾರ್ಜಿಯಾ ಟಾಮ್' ಅನ್ನೋ ಹೆಸರಲ್ಲಿ ಬ್ಲೂಸ್ ಪಿಯಾನೋ ನುಡಿಸುತ್ತಿದ್ದ ಮನುಷ್ಯ, ಬ್ಲೂಸ್ ಗಾಯಕಿ ಮಾ ರೈನಿಯ ಜತೆ ಊರೂರು ತಿರುಗಿದವರು. 1932ರಲ್ಲಿ ಅವರು ಊರಲ್ಲಿಲ್ಲದಾಗ ಹೆಂಡತಿ ನೆಟ್ಟಿ ಹೆರಿಗೆಯಲ್ಲಿ ತೀರಿಕೊಂಡರು. ಮಗುವೂ ಉಳಿಯಲಿಲ್ಲ. ಆ ದುಃಖದಲ್ಲಿ ಹುಟ್ಟಿದ ಹಾಡು. ಒಂದು ಹಳೇ ಚರ್ಚ್ ಧಾಟಿಯನ್ನು ಹಿಡಿದು ಅದಕ್ಕೆ ತನ್ನ ಬ್ಲೂಸ್ ಕೈ ಹಾಕಿದರು. ಆಗ ಶಿಕಾಗೋದ ದೊಡ್ಡ ಚರ್ಚುಗಳು ಇಂಥ ಹಾಡನ್ನು ಒಳಗೆ ಬಿಡಲೂ ಒಪ್ಪುತ್ತಿರಲಿಲ್ಲ. ಸೈತಾನನ ಸಂಗೀತ ಅನ್ನುತ್ತಿದ್ದರು. ನಲವತ್ತು ವರ್ಷದ ಮೇಲೆ ಅದೇ ಹಾಡು 'ಹಳೇ ಭಕ್ತಿಗೀತೆ'! ಹೊರಗಿನದು ಒಳಗೆ ಬರುವುದು, ಒಳಗಿನದು ಹೊರಗೆ ಹೋಗುವುದು ಅಲ್ಲಿ ಮೊದಲಿನಿಂದಲೂ ನಡೆದಿದೆ.

ಆಲ್ಬಂನಲ್ಲಿ ಈ ಹಾಡಿನ ಜತೆ ಏನನ್ನು ಹೆಣೆದಿದ್ದಾರೆ ಗೊತ್ತಾ? ಕ್ಯಾರೋಲ್ ಕಿಂಗ್ ಅವರ 'ಯೂ ಹ್ಯಾವ್ ಗಾಟ್ ಎ ಫ್ರೆಂಡ್'. ಹಿಂದಿನ ವರ್ಷ, 1971ರಲ್ಲಿ, ರೇಡಿಯೋದಲ್ಲಿ ಮೆರೆದ ಹಾಡು. ಕರೆದರೆ ಬರುವ ಗೆಳೆಯ ಅಲ್ಲಿ ಯಾರೋ ಒಬ್ಬ ಮನುಷ್ಯ. ಇಲ್ಲಿ ಕ್ವಾಯರ್ 'ಪ್ರೆಶಸ್ ಲಾರ್ಡ್' ಹಿಡಿದುಕೊಂಡಿರುವಾಗ ಅರೀಥಾ ಆ ಗೆಳೆಯನನ್ನು ಯೇಸು ಮಾಡಿಬಿಡುತ್ತಾರೆ. ಸೋಲ್ ಗಾಯಕ ಮಾರ್ವಿನ್ ಗೇ ಅವರ 'ಹೋಲಿ ಹೋಲಿ' ಇದೆ. ನಾಟಕದ ಹಾಡು 'ಯೂ ವಿಲ್ ನೆವರ್ ವಾಕ್ ಅಲೋನ್' ಇದೆ. ತಪ್ಪು ಮಾಡಿ ಕೈಕಟ್ಟಿ ಬಂದವರು ಪಾಪ್ ಹಾಡನ್ನು ಬಗಲಲ್ಲಿ ಇಟ್ಟುಕೊಂಡು ಬರುತ್ತಾರಾ?

ಗಾಯಕ ಸ್ಯಾಮ್ ಕುಕ್ 1957ರಲ್ಲಿ ಗಾಸ್ಪೆಲ್ ಬಿಟ್ಟು ಪಾಪ್‌ಗೆ ಹೋದಾಗ ಚರ್ಚಿನ ಕೇಳುಗರು ಮುನಿಸಿಕೊಂಡರು. ಸೋಲ್ ಗಾಯಕ ಆಲ್ ಗ್ರೀನ್ 1976ರಲ್ಲಿ ಮೆಂಫಿಸ್‌ನಲ್ಲಿ ತಮ್ಮದೇ ಚರ್ಚು ಶುರುಮಾಡಿ ಪಾದ್ರಿಯಾದರು. ಅವು ನಿಜಕ್ಕೂ ಹೋದ, ಬಂದ ಕಥೆಗಳು. ಅರೀಥಾ ಕಥೆಗೆ ಆ ಅಂಗಿ ಹೊಂದುವುದಿಲ್ಲ.

ತಾಳ ತಪ್ಪಿದವ

ಕೈಕಟ್ಟಿ ಬಂದಿಲ್ಲ, ಒಪ್ಪಿದೆ. ಆದರೆ ಜಾನ್ ನ್ಯೂಟನ್ ಬಗ್ಗೆ ಯಾರೂ ಮಾತಾಡಲಿಲ್ಲವಲ್ಲ? 'ಅಮೇಜಿಂಗ್ ಗ್ರೇಸ್' ಬರೆದವನು ಗುಲಾಮರ ಹಡಗಿನ ಕ್ಯಾಪ್ಟನ್. ಬಿರುಗಾಳಿಗೆ ಸಿಕ್ಕಿ, ದೇವರನ್ನು ಕಂಡು, ಗುಲಾಮ ವ್ಯಾಪಾರ ಬಿಟ್ಟು ಹಾಡು ಬರೆದ ಅಂತ ವಾಟ್ಸಾಪ್‌ನಲ್ಲಿ ಓಡಾಡುತ್ತೆ. ಚೆನ್ನಾಗಿದೆ ಕಥೆ.

ಬಲ್ಮಠದ ಆಲ್ಟೊ

ನಮ್ಮ ಸಂಡೇಸ್ಕೂಲಿನಲ್ಲೂ ಹಾಗೇ ಹೇಳಿದ್ದು. ಆದರೆ ಇಸವಿ ಇಟ್ಟು ನೋಡಿದರೆ ಹಾಗಿಲ್ಲ. ಬಿರುಗಾಳಿ 1748ರ ಮಾರ್ಚಿನಲ್ಲಿ. ಅದಾದ ಮೇಲೂ ನ್ಯೂಟನ್ ಗುಲಾಮರ ಹಡಗು ನಡೆಸಿದರು. ಸಮುದ್ರ ಬಿಟ್ಟದ್ದು 1754ರಲ್ಲಿ, ಅದೂ ಕಾಯಿಲೆ ಬಿದ್ದು. 1764ರಲ್ಲಿ ಪಾದ್ರಿಯಾಗಿ ಇಂಗ್ಲೆಂಡಿನ ಓಲ್ನಿ ಅನ್ನುವ ಸಣ್ಣ ಊರಿಗೆ ಹೋದರು. ಈ ಹಾಡನ್ನು ಬರೆದದ್ದು 1772ರ ಕೊನೆಯಲ್ಲಿ, ಅಚ್ಚಾದದ್ದು 1779ರಲ್ಲಿ. ಗುಲಾಮ ವ್ಯಾಪಾರ ತಪ್ಪು ಅಂತ ಬಹಿರಂಗವಾಗಿ ಬರೆದದ್ದು 1788ರಲ್ಲಿ. ಬಿರುಗಾಳಿಯಿಂದ ಅಲ್ಲಿಗೆ ನಲವತ್ತು ವರ್ಷ. ಒಂದು ರಾತ್ರಿಯಲ್ಲಿ ಆದ ಬದಲಾವಣೆ ಅಲ್ಲ.

ಆ ಹಾಡಿಗೆ ಈಗಿನ ಧಾಟಿ ಕೂಡ ಅವರದ್ದಲ್ಲ. 1835ರಲ್ಲಿ ಅಮೆರಿಕದ ವಿಲಿಯಂ ವಾಕರ್ ತಮ್ಮ ಹಾಡಿನ ಪುಸ್ತಕದಲ್ಲಿ 'ನ್ಯೂ ಬ್ರಿಟನ್' ಅನ್ನುವ ಧಾಟಿಗೆ ಇದನ್ನು ಜೋಡಿಸಿದರು.

ಶ್ರುತಿ ಪೆಟ್ಟಿಗೆ

ಹಾಡು ಬರೆದು ಹೆಚ್ಚುಕಡಿಮೆ 200 ವರ್ಷ ಆದಾಗ ಗುಲಾಮರ ಮರಿಮಕ್ಕಳು ಅದನ್ನು ಹಾಡುತ್ತಿದ್ದಾರೆ! 1772, 1972. ಬೇಕಂತಲೇ ಆ ವರ್ಷ ಆರಿಸಿಕೊಂಡರಾ?

ರೆಕಾರ್ಡ್ ಪೆಟ್ಟಿಗೆ

ಕಾಕತಾಳೀಯ ಅಂತಲೇ ನನಗೆ ಅನಿಸೋದು. ಆ ರಾತ್ರಿ ಅಲ್ಲಿ ಯಾರೂ ನ್ಯೂಟನ್ ಹೆಸರು ಎತ್ತುವುದಿಲ್ಲ. 'ಎಷ್ಟೋ ಅಪಾಯ ದಾಟಿ ಬಂದೆ' ಅನ್ನುವ ಅರ್ಥದ ಸಾಲಿಗೆ ಬಂದಾಗ ಅರೀಥಾ ಅಲ್ಲೇ ನಿಂತು, ಸುತ್ತಿ ಸುತ್ತಿ ಹಾಡುತ್ತಾರೆ. ಸಭೆ ಹೌದು ಹೌದು ಅನ್ನುತ್ತದೆ. 1965ರಲ್ಲಿ ಲಾಸ್ ಏಂಜಲೀಸಿನ ವಾಟ್ಸ್ ಅನ್ನೋ ಕರಿಯರ ಬಡಾವಣೆಯಲ್ಲಿ ಆರು ದಿನ ಗಲಭೆ ನಡೆದು 34 ಜನ ಸತ್ತಿದ್ದರು. ಅದಾಗಿ ಏಳು ವರ್ಷವೂ ತುಂಬಿರಲಿಲ್ಲ, ಚರ್ಚು ಇದ್ದದ್ದೂ ಲಾಸ್ ಏಂಜಲೀಸಿನ ಆ ಕಡೆಯಲ್ಲೇ. ಅಪಾಯ ಅಂದರೆ ಯಾವುದು ಅಂತ ಅಲ್ಲಿ ಕೂತವರಿಗೆ ಬಿಡಿಸಿ ಹೇಳಬೇಕಿರಲಿಲ್ಲ.

ಬಲ್ಮಠದ ಆಲ್ಟೊ

ಈ ಮಾತು ನನಗೆ ನಾಟಿತು. 'ವಾಟ್ ಎ ಫ್ರೆಂಡ್' ಇನ್ನೊಮ್ಮೆ ಹಾಕಿ ಕೇಳಿದೆ. ಬರೆದ ಜೋಸೆಫ್ ಸ್ಕ್ರಿವನ್ ಕಷ್ಟದಲ್ಲಿದ್ದ ತಾಯಿಗೆ ಸಮಾಧಾನ ಹೇಳಲು ಬರೆದದ್ದು ಅಂತ ನಮಗೆ ಕಲಿಸಿದ್ದರು. ಮನೆಯೊಳಗಿನ ಹಾಡು. ಇವರು ಅದನ್ನು ಬೀದಿಗೆ ಕೇಳುವ ಹಾಗೆ ಹಾಡಿದ್ದಾರೆ. ಈಗಲೂ ನಮ್ಮ ಸಭೆಯ ರೀತಿಯೇ ನನಗೆ ಇಷ್ಟ, ಅದರಲ್ಲಿ ಬದಲಾವಣೆ ಇಲ್ಲ. ಆದರೆ ಕ್ವಾಯರಿನ ಆಲ್ಟೊಗಳನ್ನು ಮಾತ್ರ ಮೆಚ್ಚಿದೆ. ಅಷ್ಟು ಗಟ್ಟಿಯಾಗಿ ಹಾಡಿಯೂ ಒಂದು ದನಿ ಇನ್ನೊಂದನ್ನು ತುಳಿಯುವುದಿಲ್ಲ. ನಮ್ಮ ಕ್ವಾಯರ್ ಮಾಸ್ಟರಿಗೆ ಕೇಳಿಸಬೇಕು, ಬೈಯುತ್ತಾರೋ ಏನೋ.

ಸೌಂಡ್ ಸೀನ

ಸಿನಿಮಾ ವಿಷಯ ಬಂತಲ್ಲ, ಅದು ನನ್ನ ಕ್ಷೇತ್ರ, ಹಾಗಾಗಿ ನಾಲ್ಕು ಮಾತು. ಎರಡೂ ರಾತ್ರಿ ಚಿತ್ರೀಕರಣ ಮಾಡಿದವರು ಸಿಡ್ನಿ ಪೊಲಾಕ್. ದೊಡ್ಡ ನಿರ್ದೇಶಕ. ಹಲವು 16 ಎಂಎಂ ಕ್ಯಾಮೆರಾ ಇಟ್ಟು 20 ಗಂಟೆಯಷ್ಟು ಫಿಲ್ಮ್ ಓಡಿಸಿದರು. ಆದರೆ ಕ್ಲ್ಯಾಪ್ ಬೋರ್ಡ್ ಹೊಡೆಯಲಿಲ್ಲ!

ಹೊರಗಿನವರಿಗೆ ಇದು ಸಣ್ಣದು ಅನಿಸಬಹುದು. ಫಿಲ್ಮಿನಲ್ಲಿ ಚಿತ್ರ ಬೇರೆ, ಸೌಂಡ್ ಬೇರೆ ಟೇಪಿನಲ್ಲಿ. ಹಲಗೆ 'ಟಪ್' ಅಂದ ಫ್ರೇಮನ್ನೂ ಟೇಪಿನಲ್ಲಿರುವ ಆ 'ಟಪ್' ಸದ್ದನ್ನೂ ಒಂದಕ್ಕೊಂದು ಕೂಡಿಸಿದರೆ ತುಟಿಯೂ ಮಾತೂ ಹೊಂದುತ್ತವೆ. ಇಲ್ಲಿ ಆ ಗುರುತೇ ಇಲ್ಲ. ಹಾಡಿನ ಮಧ್ಯೆ ಕ್ಯಾಮೆರಾಗಳು ಬೇಕಾದಾಗ ನಿಂತಿವೆ, ಬೇಕಾದಾಗ ಶುರುವಾಗಿವೆ. ಸಾವಿರಾರು ತುಣುಕು. ಯಾವ ತುಣುಕು ಯಾವ ಹಾಡಿನ ಯಾವ ಸಾಲಿನದು ಅಂತ ಆಗಿನ ಕಾಲದಲ್ಲಿ ಕೈಯಿಂದ ಹುಡುಕಿ ಕೂಡಿಸಲು ಆಗಲಿಲ್ಲ. ಡಬ್ಬಿ ವಾರ್ನರ್ ಬ್ರದರ್ಸ್ ಗೋಡೌನ್ ಸೇರಿತು. ಪೊಲಾಕ್ 2008ರಲ್ಲಿ ತೀರಿಕೊಂಡರು. ಅಷ್ಟರಲ್ಲಿ ಆಲನ್ ಎಲಿಯಟ್ ಅನ್ನೋರು ಹಕ್ಕು ಪಡೆದು, ಡಿಜಿಟಲ್ ವಿಧಾನದಲ್ಲಿ ಸಿಂಕ್ ಮಾಡಿಸಿದರು.

ಸಿಂಕ್ ಆದರೂ ಬಿಡುಗಡೆ ಆಗಲಿಲ್ಲ. ಅರೀಥಾ ಒಪ್ಪಿಗೆ ಕೊಡದೆ ಕೋರ್ಟಿಗೆ ಹೋದರು. 2015ರಲ್ಲಿ ಟೆಲ್ಯುರೈಡ್ ಚಿತ್ರೋತ್ಸವದಲ್ಲಿ ತೋರಿಸಬೇಕು ಅನ್ನುವ ಹೊತ್ತಿಗೆ ತಡೆಯಾಜ್ಞೆ ತಂದರು. 2018ರ ಆಗಸ್ಟ್‌ನಲ್ಲಿ ಅವರು ಹೋದ ಮೇಲೆ ಮನೆಯವರು ಒಪ್ಪಿದರು. ಅದೇ ನವೆಂಬರ್‌ನಲ್ಲಿ ಮೊದಲ ಪ್ರದರ್ಶನ.

ತಾಳ ತಪ್ಪಿದವ

ಬದುಕಿದ್ದಾಗ ಬೇಡ ಅಂದವರ ಸಿನಿಮಾವನ್ನು ಸತ್ತ ಮೇಲೆ ತೋರಿಸೋದು ಸರಿನಾ?

ಸೌಂಡ್ ಸೀನ

ನನಗೂ ಅದು ಸ್ವಲ್ಪ ಚುಚ್ಚುತ್ತೆ ಗುರು. ನೋಡಿದ್ದಂತೂ ಹೌದು. ನೋಡಿ ಖುಷಿಪಟ್ಟಿದ್ದೂ ಹೌದು.

ಒಂದು ದೃಶ್ಯ ಹೇಳ್ತೀನಿ. ಎರಡನೇ ರಾತ್ರಿ ಅರೀಥಾ ತಾವೇ ಪಿಯಾನೋ ನುಡಿಸುತ್ತಾ 'ನೆವರ್ ಗ್ರೋ ಓಲ್ಡ್' ಹಾಡುತ್ತಿದ್ದಾರೆ. ಲೈಟುಗಳ ಶಾಖಕ್ಕೆ ಮುಖವೆಲ್ಲ ಬೆವರು. ಅಪ್ಪ ಎದ್ದು ಬಂದು ಬಟ್ಟೆಯಿಂದ ಮಗಳ ಮುಖ ಒರೆಸುತ್ತಾರೆ, ಮಗುವಿಗೆ ಒರೆಸಿದ ಹಾಗೆ. ಆಕೆ ಹಾಡು ನಿಲ್ಲಿಸುವುದಿಲ್ಲ. ಇನ್ನೊಂದು ಗಮನಿಸಿ, ಇಡೀ ಸಿನಿಮಾದಲ್ಲಿ ಆಕೆ ಮಾತಾಡುವುದು ತೀರಾ ಕಡಿಮೆ. ನಗಿಸೋದು, ಪರಿಚಯ ಮಾಡಿಸೋದು ಎಲ್ಲ ಕ್ಲೀವ್‌ಲ್ಯಾಂಡ್ ಕೆಲಸ. ಹಾಡು ಮುಗಿದರೆ ಸುಮ್ನೆ ಕೂತುಬಿಡುತ್ತಾರೆ.

ಡೆಟ್ರಾಯ್ಟ್ ಗೌಡ

ಆ ಎರಡು ರಾತ್ರಿ ಆಗಿ ಎರಡು ವಾರಕ್ಕೆ ನಡೆದದ್ದನ್ನು ಯಾರೂ ಹೇಳಲಿಲ್ಲ. ಜನವರಿ 27ಕ್ಕೆ ಮಹಾಲಿಯಾ ಜಾಕ್ಸನ್ ತೀರಿಕೊಂಡರು. ಗಾಸ್ಪೆಲ್ ಲೋಕದ ಹಿರಿ ತಲೆ, ಅರೀಥಾ ಮನೆಗೂ ಹತ್ತಿರದವರು. 1968ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅಂತ್ಯಕ್ರಿಯೆಯಲ್ಲಿ 'ಪ್ರೆಶಸ್ ಲಾರ್ಡ್' ಹಾಡಿದ್ದು ಮಹಾಲಿಯಾ. ಶಿಕಾಗೋದಲ್ಲಿ ಮಹಾಲಿಯಾ ಅಂತ್ಯಕ್ರಿಯೆ ನಡೆದಾಗ ಅದೇ ಹಾಡನ್ನು ಹಾಡಿದ್ದು ಅರೀಥಾ. ಆಲ್ಬಂ ಇನ್ನೂ ಅಂಗಡಿಗೇ ಬಂದಿರಲಿಲ್ಲ.

ಮಳೆಗಾಲದ ಹುಡುಗ

ಈಗ ಕೇಳೋಕೆ ಒಂದು ದಾರಿ ಸಿಕ್ಕಿತು. ಕೊನೇ ಪ್ರಶ್ನೆ: 1972ರ ಎಲ್‌ಪಿ ಹುಡುಕಲಾ, ಅಥವಾ 1999ರಲ್ಲಿ ಬಂದ ಪೂರ್ತಿ ರೆಕಾರ್ಡಿಂಗ್ ಸಾಕಾ?

ಸೌಂಡ್ ಸೀನ

1999ರದ್ದು ಕೇಳಿ. ಎರಡೂ ರಾತ್ರಿ ನಡೆದ ಕ್ರಮದಲ್ಲೇ ಇದೆ, ಮಾತು ಕೂಡ ಇದೆ. ಕೆಲವು ಹಾಡು ಎರಡೂ ರಾತ್ರಿಯದ್ದು ಸಿಗುತ್ತದೆ. 'ಹೋಲಿ ಹೋಲಿ'ಯನ್ನೇ ಹಾಗೆ ಹೋಲಿಸಿ ಕೇಳಬಹುದು. ಎಲ್‌ಪಿ ಸೆಟ್ ಕೈಗೆ ಸಿಕ್ಕರೆ ಬಿಡಬೇಡಿ. ಆದರೆ ಗೀರು ಬಿದ್ದದ್ದಕ್ಕೆ ಜಾಸ್ತಿ ದುಡ್ಡು ಸುರಿಯಬೇಡಿ. ಇದರಲ್ಲಿ ಸದ್ದಿಲ್ಲದ ಜಾಗ ಬಹಳ, ಅಲ್ಲೆಲ್ಲ ಚಿಟಚಿಟ ಅನ್ನುತ್ತೆ.

ತಾಳ ತಪ್ಪಿದವ

ಶೀರ್ಷಿಕೆ ಹಾಡು ನನಗೆ ಈಗಲೂ ಉದ್ದ. ಆದರೆ 'ಓಲ್ಡ್ ಲ್ಯಾಂಡ್‌ಮಾರ್ಕ್' ಕೇಳಿದ್ದೀರಾ? ಪರ್ಡಿಯ ಡ್ರಮ್ಸು, ಚಪ್ಪಾಳೆ, ಕ್ವಾಯರ್, ಎಲ್ಲ ಓಡುತ್ತಿವೆ. ಬೆಳಗ್ಗೆಯಿಂದ ಅದೇ ಹಾಕಿಕೊಂಡಿದ್ದೀನಿ. ಇಂಥದ್ದು ಇನ್ನೂ ನಾಲ್ಕು ಇದ್ದಿದ್ದರೆ ನಾನು ಬಾಯಿ ಮುಚ್ಚಿಕೊಂಡು ಇರುತ್ತಿದ್ದೆ.

ರೆಕಾರ್ಡ್ ಪೆಟ್ಟಿಗೆ

ಬಾಯಿ ಮುಚ್ಚಬೇಡಿ, ನಿಮ್ಮಿಂದಲೇ ಚರ್ಚೆ ಇಷ್ಟು ಉದ್ದ ಆಗಿದ್ದು. 'ಹೌ ಐ ಗಾಟ್ ಓವರ್', 'ಕ್ಲೈಂಬಿಂಗ್ ಹೈಯರ್ ಮೌಂಟನ್ಸ್' ಹಾಕಿ, ನಿಮ್ಮ ಕಾಲು ಸುಮ್ನೆ ಇರಲ್ಲ.

ಮಳೆಗಾಲದವರಿಗೆ ಒಂದು ಹೋಂವರ್ಕ್. ಅರೀಥಾ 14 ವರ್ಷದ ಹುಡುಗಿಯಾಗಿದ್ದಾಗ, 1956ರಲ್ಲಿ, ಅಪ್ಪನ ಚರ್ಚಿನಲ್ಲಿ ಹಾಡಿದ ರೆಕಾರ್ಡಿಂಗ್ ಇದೆ. ಗೌಡರು ಹೇಳಿದ ಜೋ ವಾನ್ ಬ್ಯಾಟಲ್ ಹೊರತಂದದ್ದು. 'ಪ್ರೆಶಸ್ ಲಾರ್ಡ್' ಇದೆ, 'ನೆವರ್ ಗ್ರೋ ಓಲ್ಡ್' ಇದೆ, ಎರಡೂ 1972ರಲ್ಲಿ ಮತ್ತೆ ಹಾಡಿದವೇ. ಬಲ್ಮಠದ ಅಕ್ಕನಿಗೂ ಅದರಲ್ಲಿ ಒಂದು ಹಾಡು ಪರಿಚಯ ಇದ್ದೀತು: 'ದೇರ್ ಈಸ್ ಎ ಫೌಂಟನ್'. ಬರೆದದ್ದು ವಿಲಿಯಂ ಕೂಪರ್, ಓಲ್ನಿಯಲ್ಲಿ ನ್ಯೂಟನ್‌ಗೆ ಗೆಳೆಯನಾಗಿದ್ದ ಕವಿ. 1956ರದ್ದನ್ನೂ 1972ರದ್ದನ್ನೂ ಒಂದರ ಹಿಂದೆ ಒಂದು ಹಾಕಿ ಕೇಳಿ. ನಡುವೆ ಕೊಲಂಬಿಯಾ ಕಂಪನಿಯ ವರ್ಷಗಳು, 'ರೆಸ್ಪೆಕ್ಟ್', ಸಾಲು ಸಾಲು ಗ್ರ್ಯಾಮಿ ಎಲ್ಲ ಬಂದು ಹೋಗಿವೆ. ಆಮೇಲೆ 'ವಾಪಸ್ ಬಂದ ಆಲ್ಬಂ' ಅನ್ನೋ ಮಾತು ನಿಮಗೆ ಏನನಿಸಿತು ಅಂತ ಇಲ್ಲಿ ಬರೆಯಿರಿ.

ಬಲ್ಮಠದ ಆಲ್ಟೊ

ಆ ಹಾಡು ಗೊತ್ತಿಲ್ಲದೆ ಇರುತ್ತದಾ! ಶುಭ ಶುಕ್ರವಾರದ ಸುತ್ತಮುತ್ತ ಹಾಡುವುದು. ಕಳಿಸಿ, ಕೇಳುತ್ತೇನೆ. ಬಾಯಿಗೆ ಬಂದ ಸ್ವರ ಹಾಕಿದ್ದರೆ ಮಾತ್ರ ಮತ್ತೆ ಜಗಳಕ್ಕೆ ಬರುತ್ತೇನೆ, ಹೇಳಿದ್ದೇನೆ.